ಕೌದಿಯ ಲೆಕ್ಕ



ಎಳ್ಳ ಅಮಾವಾಸ್ಯೆ ಮುಗಿದಿತ್ತು. ಭಾನುವಾರ, ಶಾಲೆಗೆ ರಜೆ. ಚಳಿ ಜೋರಿತ್ತು. ಅತ್ತೆಯವರು ಬಿಸಿಲಿಗೆ ಕೂತು ಕೌದಿ ಹೊಲಿಯುತ್ತಿದ್ದರು. ನಾನೂ ಸೂಜಿ ಹಿಡಿದೆ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿದ್ದರು. ಮೇಲೆ ಬಣ್ಣದ ತುಂಡುಗಳು. ತುಂಬಾ ಸಣ್ಣ ಸಣ್ಣ ಹೊಲಿಗೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಬಟ್ಟೆಯ ಹೂವನ್ನೂ ಇಡುತ್ತಾರೆ. ನಮ್ಮ ಕೌದಿ ಮಧ್ಯಾಹ್ನಕ್ಕೆ ಮುಗಿಯಿತು.

ಸಂಜೆ ಇಬ್ಬರೂ ಹೊಲದ ಕಡೆ ನಡೆದೆವು. ಬಿಳಿಜೋಳ ತೆನೆ ಹಾಕಿತ್ತು. ಬದುವಿನ ಮೇಲೆ ಕೂತು ಹಸಿ ಕಡಲೆ ತಿಂದೆವು. ಆಗ ಅತ್ತೆ ಅಂದರು:

“ಪ್ಯಾಟಿಯಿಂದ ಒಬ್ಬಾತ ಬಂದಿದ್ದ. ಕೌದಿಗೆ ಎರಡು ದಿನದ ಕೂಲಿಯಷ್ಟು ರೊಕ್ಕ ಕೊಡ್ತೀನಿ ಅಂದ. ಹಳೇ ಅರಿವಿ ಅಲ್ಲೇನು, ಕೊಟ್ಟುಬಿಡಲೇ?”

“ಎಷ್ಟು ದಿನ ಹೊಲಿದೀರಿ, ಅತ್ತಿ?”

“ಯಾರು ಎಣಿಸ್ಯಾರವ್ವಾ!”

ಮನೆಗೆ ಬಂದು ಪಾಟಿ ಹಿಡಿದೆವು. ನೆನಪು ಮಾಡಿ ಬರೆದೆವು. 20 ದಿನ. ದಿನಕ್ಕೆ 4 ತಾಸು. ಒಟ್ಟು 80 ತಾಸು. 8 ತಾಸಿಗೆ ಒಂದು ಕೂಲಿ ಅಂದರೆ 10 ಕೂಲಿ ಆಯಿತು! ದಾರದ ಖರ್ಚು ಬೇರೆ. ಅತ್ತೆ ಆ ಅಂಕಿಗಳನ್ನು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು.

ಮರುದಿನ ಆತ ಬಂದ. “10 ಕೂಲಿಗೆ ಕಡಿಮೆ ಇಲ್ಲಪ್ಪಾ” ಅಂದರು. ಆತ ಹೊರಟುಹೋದ. ಆ ರಾತ್ರಿ ಮೊಮ್ಮಗಳು ಅದೇ ಕೌದಿ ಹೊದ್ದು ಬೆಚ್ಚಗೆ ಮಲಗಿದಳು.

ಅಕ್ಕಂದಿರೇ, ಮಾರುವುದು, ಬಿಡುವುದು ನಿಮ್ಮ ಇಷ್ಟ. ಆದರೆ ಹೊಲಿದ ತಾಸುಗಳನ್ನು ದಿನಾ ಬರೆದಿಡಿ. ನಮ್ಮ ದುಡಿಮೆ ನಾವೇ ಎಣಿಸದಿದ್ದರೆ ಇನ್ನಾರು ಎಣಿಸುತ್ತಾರೆ?