ಹಳೇ ದಂಡಿನ ಮದುವೆ ಪುಸ್ತಕದಲ್ಲಿ ನಮ್ಮ ಅಜ್ಜಿಯರು

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾರದ ಸಭೆ ಮುಗಿದ ಮೇಲೆ ನೀವೆಲ್ಲ ನಡಾವಳಿ ಪುಸ್ತಕದಲ್ಲಿ ಸಹಿ ಹಾಕುತ್ತೀರಿ. ಯಾರು ಬಂದರು, ಎಷ್ಟು ಉಳಿತಾಯ ಆಯಿತು, ಯಾರಿಗೆ ಸಾಲ ಕೊಟ್ಟೆವು ಎಲ್ಲವೂ ಅದರಲ್ಲಿ ಇರುತ್ತದೆ. "ಇದನ್ನೆಲ್ಲ ಯಾಕೆ ಬರೀಬೇಕು ಸಿಸ್ಟರ್, ನಮಗೆ ನೆನಪಿರಲ್ವಾ?" ಅಂತ ಕೇಳುವವರೂ ಇದ್ದಾರೆ. ಅದಕ್ಕೆ ಉತ್ತರವಾಗಿ ಇವತ್ತು ಬೇರೊಂದು ಪುಸ್ತಕದ ವಿಷಯ ಹೇಳುತ್ತೇವೆ. ಅದು ಹಿಂದಿನ ಕಾಲದ ಸೈನಿಕರ ಮದುವೆ ರಿಜಿಸ್ಟರ್.

ಬೆಂಗಳೂರಿನ ನಮ್ಮ ಸಂಘವೊಂದರ ಸದಸ್ಯೆ ಒಂದು ದಿನ ಹಳೇ ಟ್ರಂಕಿನಿಂದ ಮಡಚಿದ ಕಾಗದವೊಂದನ್ನು ತಂದರು. ಅವರ ಅಜ್ಜಿಯ ಅಜ್ಜಿಯ ಮದುವೆ ಪತ್ರದ ನಕಲು ಅದು. ಗಂಡ ಫಿರಂಗಿ ದಳದ ಸಿಪಾಯಿ, ಐರ್ಲೆಂಡಿನವನು. ಹೆಂಡತಿ ಇಲ್ಲಿಯವಳು. ಅವಳ ಸಹಿ ಇರಬೇಕಾದ ಕಡೆ ಒಂದು ಅಡ್ಡಗೆರೆ ಗುರುತು ಮಾತ್ರ ಇತ್ತು. "ಇವರ ತವರು ಯಾವುದು ಅಂತ ಹುಡುಕಿಕೊಡಿ ಸಿಸ್ಟರ್" ಅಂದರು. ನಾವಿಬ್ಬರೂ ಕೂತು ಹುಡುಕಿದೆವು. ಹುಡುಕುತ್ತಾ ನಾವೂ ಬಹಳ ಕಲಿತೆವು.

ಮೊದಲು ಸ್ವಲ್ಪ ಹಿನ್ನೆಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಅಲ್ಲೇ ಇತ್ತು. ಅಲ್ಲಿ ಜ್ವರದ ಕಾಟ ಹೆಚ್ಚಾಗಿ, 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಇಂಗ್ಲಿಷರು, ಐರಿಷ್ ಜನ, ತಮಿಳು ಮತ್ತು ತೆಲುಗು ಸಿಪಾಯಿಗಳು, ಅವರ ಹಿಂದೆ ಅಗಸರು, ಅಡಿಗೆಯವರು, ಆಯಾಗಳು ಬಂದು ನೆಲೆಸಿದರು. ದಂಡಿನ ಚರ್ಚುಗಳಲ್ಲಿ ಸೈನಿಕರ ಮದುವೆಗಳು ನಡೆದವು, ರಿಜಿಸ್ಟರಿನಲ್ಲಿ ದಾಖಲಾದವು. ಆ ದಾಖಲೆಗಳ ಪ್ರತಿಗಳು ಮದರಾಸಿಗೂ ಅಲ್ಲಿಂದ ಲಂಡನ್ನಿಗೂ ಹೋಗುತ್ತಿದ್ದವು. ಮದರಾಸು ಪ್ರಾಂತ್ಯದ ಇಂಥ ಪ್ರತಿಗಳು 1698ರಿಂದ 1948ರವರೆಗಿನವು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ದಂಡಿನ ಮದುವೆಗಳೂ ಅದರಲ್ಲೇ ಸೇರಿವೆ.

ಇನ್ನೂ ಹಿಂದಿನ ಒಂದು ಸಂಗತಿ ಕೇಳಿ. 1687ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮದರಾಸಿಗೆ ಪತ್ರ ಬರೆದು, ನಮ್ಮ ಸಿಪಾಯಿಗಳು ಅಲ್ಲಿನ ಹೆಂಗಸರನ್ನೇ ಮದುವೆಯಾಗಲಿ, ಹುಟ್ಟಿದ ಮಗುವಿನ ಜ್ಞಾನಸ್ನಾನದ ದಿನ ತಾಯಿಗೆ ಒಂದು ವರಹ ಕೊಡೋಣ ಅಂತ ಸೂಚಿಸಿದರು. ದೂರದೇಶದಿಂದ ಹೆಂಗಸರನ್ನು ಕರೆತರುವ ಖರ್ಚಿಗಿಂತ ಇದು ಅಗ್ಗ. ಕಂಪನಿಯ ಲೆಕ್ಕದಲ್ಲಿ ನಮ್ಮ ಅಜ್ಜಿಯರ ಬೆಲೆ ಒಂದು ವರಹ!

ಈಗ ಆ ಕಾಗದಕ್ಕೆ ಬರೋಣ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ನಮೂನೆಯಲ್ಲಿ ಮದುವೆಯ ದಿನ, ಇಬ್ಬರ ಹೆಸರು, ವಯಸ್ಸು, ಅವಿವಾಹಿತರೋ ವಿಧವೆಯೋ ವಿಧುರನೋ, ಹುದ್ದೆ ಅಥವಾ ಕಸುಬು, ವಾಸ, ತಂದೆಯ ಹೆಸರು ಅಂತ ಅಂಕಣಗಳಿವೆ. ಒಂದೊಂದು ಅಂಕಣವೂ ಒಂದೊಂದು ಬಾಗಿಲು.

ನಮ್ಮ ಸದಸ್ಯೆಯ ಮನೆಯವರು ಆ ಅಜ್ಜಿಯ ಅಡ್ಡಹೆಸರು ನೋಡಿ, ಅವರ ತಂದೆಯೂ ಇಂಗ್ಲಿಷನೇ ಅಂದುಕೊಂಡಿದ್ದರು. ಆದರೆ ಒಂದು ಅಂಕಣದಲ್ಲಿ 'ವಿಧವೆ' ಅಂತಿತ್ತು. ಅಂದರೆ ಅಡ್ಡಹೆಸರು ತಂದೆಯದಲ್ಲ, ತೀರಿಹೋದ ಮೊದಲ ಗಂಡನದು. ಬ್ಯಾರಕ್ಕಿನಲ್ಲಿ ಜಾಗ, ಪಡಿ ಎಲ್ಲ ಗಂಡನ ಹೆಸರಿನ ಮೇಲೆ ಸಿಗುತ್ತಿದ್ದ ಕಾಲ ಅದು. ಗಂಡ ಸತ್ತ ಕೆಲವೇ ತಿಂಗಳಲ್ಲಿ ಮರುಮದುವೆಯಾದ ಹೆಂಗಸರು ಬಹಳ ಮಂದಿ. ಅವರನ್ನು ಹಗುರವಾಗಿ ನೋಡಬೇಡಿ. ಮಕ್ಕಳ ಹೊಟ್ಟೆ ತುಂಬಬೇಕಿತ್ತು. ತಂದೆಯ ಅಂಕಣ ನೋಡಿದರೆ, ಅಲ್ಲಿ ನಮ್ಮ ಕಡೆಯ ಹೆಸರೇ ಇತ್ತು.

ಆಗ ಆ ಸದಸ್ಯೆ ಕೇಳಿದರು: "ಅಪ್ಪನ ಹೆಸರು ಸಿಕ್ತು. ಅವಳ ಅಮ್ಮನ ಹೆಸರು ಎಲ್ಲಿ ಸಿಸ್ಟರ್?" ನಾವು ಮತ್ತೆ ನೋಡಿದೆವು. ಅಮ್ಮನ ಹೆಸರಿಗೆ ಅಂಕಣವೇ ಇರಲಿಲ್ಲ.

ಹಾಗಂತ ನಿಲ್ಲಿಸಲಿಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರು ಇರುತ್ತದೆ. ಹಳೇ ಕಥೋಲಿಕ ಪುಸ್ತಕಗಳು ಲತೀನ್ ಭಾಷೆಯಲ್ಲಿವೆ. ಜಾನ್ ಅಲ್ಲಿ ಯೊವಾನ್ನೆಸ್ ಆಗುತ್ತಾನೆ, ಜೇಮ್ಸ್ ಯಾಕೋಬುಸ್ ಆಗುತ್ತಾನೆ. ಫಾದರ್ ಅನುಮತಿ ಕೊಟ್ಟು, ಓದಿ ಹೇಳಿ ಸಹಾಯ ಮಾಡಿದರು. ಎರಡು ದಿನ ಪುಟ ತಿರುಗಿಸಿದ ಮೇಲೆ ಸಿಕ್ಕಿತು. ಬರೀ ಒಂದು ಹೆಸರು. ಊರಿಲ್ಲ, ಮನೆತನ ಇಲ್ಲ. ಅಷ್ಟಕ್ಕೇ ನಮ್ಮ ಸದಸ್ಯೆಯ ಕಣ್ಣು ತುಂಬಿತು. "ಒಂದು ಹೆಸರಾದ್ರೂ ಇದೆಯಲ್ಲ" ಅಂದರು.

ನಿಮ್ಮಲ್ಲೂ ಯಾರಿಗಾದರೂ ಹುಡುಕುವ ಆಸೆ ಇದ್ದರೆ ಹೀಗೆ ಮಾಡಿ. ಮನೆಯ ಹಿರಿಯರಿಂದ ಶುರುಮಾಡಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಹಳೇ ಪದಕ ಇದ್ದರೆ ಅದರ ಅಂಚನ್ನು ನೋಡಿ, ಎಷ್ಟೋ ಪದಕಗಳ ಮೇಲೆ ಸಿಪಾಯಿಯ ಸಂಖ್ಯೆ, ಹೆಸರು, ಪಲ್ಟನ್ ಕೆತ್ತಿರುತ್ತಾರೆ. ಪಲ್ಟನ್ ಯಾವುದು ಅಂತ ಗೊತ್ತಾದರೆ ಅದು ಯಾವ ವರ್ಷ ಯಾವ ಊರಿನಲ್ಲಿತ್ತು ಅಂತ ತಿಳಿಯಬಹುದು. ಆಮೇಲೆ ಆ ಊರಿನ ಮದುವೆ ಪುಸ್ತಕ ನೋಡಿ. ಸಾಕ್ಷಿಗಳ ಹೆಸರು ಬಿಡಬೇಡಿ, ಅಕ್ಕ-ಭಾವನೇ ಸಾಕ್ಷಿ ಹಾಕಿರಬಹುದು. ಹೆಸರಿನ ಕಾಗುಣಿತಕ್ಕೆ ಜೋತುಬೀಳಬೇಡಿ, ಬರೆಯುವವರು ಕೇಳಿದ ಹಾಗೆ ಬರೆಯುತ್ತಿದ್ದರು. ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಭಾರತದ ಹಳೇ ಮದುವೆಗಳ ಸೂಚಿಯನ್ನು ಹಣ ಕೊಡದೆ ನೋಡಬಹುದು. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ, ಫೋನಿನಲ್ಲೇ ಹುಡುಕಿಕೊಡುತ್ತಾಳೆ.

ಕ್ರೈಸ್ತರಲ್ಲದ ಸಿಪಾಯಿಗಳ ಮದುವೆಗಳು ಚರ್ಚಿನ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ಎರಡು ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿದೆ. ಕೆಲವು ಸೈನಿಕರ ಹೆಸರಿನ ಮುಂದೆ "ಇಂಥ ಊರಿನ ಇಂಥವಳ ಗಂಡ" ಅಂತ ಹೆಂಡತಿಯ ಹೆಸರೂ ಇದೆ.

ಒಂದು ಮಾತು ಮನಸ್ಸಿನಲ್ಲಿಡಿ. ಬ್ರಿಟಿಷ್ ಸಿಪಾಯಿ ಮದುವೆಯಾಗಲು ದೊಡ್ಡ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಒಪ್ಪಿಗೆ ಇಲ್ಲದೆ ಕಟ್ಟಿಕೊಂಡವಳಿಗೆ ಮನೆಯೂ ಇಲ್ಲ, ಪಡಿಯೂ ಇಲ್ಲ. ಪಲ್ಟನ್ ಹಡಗು ಹತ್ತಿದಾಗ ಅವಳೂ ಮಕ್ಕಳೂ ಇಲ್ಲೇ ಉಳಿದರು. ಹಾಗಾಗಿ ಪುಸ್ತಕದಲ್ಲಿ ನಿಮ್ಮ ಅಜ್ಜಿಯ ಹೆಸರು ಸಿಗದಿದ್ದರೆ ನಾಚಿಕೆ ಪಡಬೇಡಿ. ಅವಳ ಬಾಳು ಸುಳ್ಳಾಗಿರಲಿಲ್ಲ, ಬರೆಯುವವರು ಬರೆಯಲಿಲ್ಲ ಅಷ್ಟೇ.

ಇದು ಹಳೇ ಕಥೆ ಮಾತ್ರ ಅಂದುಕೊಳ್ಳಬೇಡಿ. ಇವತ್ತೂ ಸೈನಿಕನ ಮದುವೆಯನ್ನು ಅವನ ಘಟಕಕ್ಕೆ ತಿಳಿಸಿ ಸೇನೆಯ ದಾಖಲೆಯಲ್ಲಿ ಸೇರಿಸಬೇಕು. ಅದಕ್ಕೆ 'ಪಾರ್ಟ್ ಟು ಆರ್ಡರ್' ಅನ್ನುತ್ತಾರೆ. ಹೆಂಡತಿಯ ಹೆಸರು ಅಲ್ಲಿ ಇಲ್ಲದಿದ್ದರೆ, ಅಥವಾ ಆಧಾರ್‌ನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಹೆಸರಿದ್ದರೆ, ನಾಳೆ ಕುಟುಂಬ ಪಿಂಚಣಿಗೆ ಅಲೆದಾಡಬೇಕಾಗುತ್ತದೆ. ಇಂಥ ತೊಂದರೆ ಇರುವವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಸೈನಿಕರ ಮನೆಯವರಲ್ಲದವರಿಗೂ ಇದೇ ಮಾತು. ಎಲ್ಲ ಧರ್ಮದವರ ಮದುವೆಯನ್ನೂ ಕಡ್ಡಾಯವಾಗಿ ನೋಂದಾಯಿಸಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ 1976ರ ಕಾಯ್ದೆಯೂ ಇದೆ. ಗಂಡ ಬಿಟ್ಟುಹೋದಾಗ, ತೀರಿಕೊಂಡಾಗ, "ನಾನು ಅವನ ಹೆಂಡತಿ" ಅಂತ ಬಾಯಲ್ಲಿ ಹೇಳಿದರೆ ಕಚೇರಿಯಲ್ಲಿ ನಡೆಯುವುದಿಲ್ಲ. ಕಾಗದ ಕೇಳುತ್ತಾರೆ.

ಮುಂದಿನ ಸಭೆಗೆ ಬರುವಾಗ ಮೂರು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಮದುವೆ ನೋಂದಣಿ ಪತ್ರ ಇದೆಯಾ ನೋಡಿ. ಇಲ್ಲದವರು ಹೆಸರು ಕೊಡಿ, ಒಟ್ಟಿಗೇ ಉಪನೋಂದಣಿ ಕಚೇರಿಗೆ ಹೋಗೋಣ. ಎಲ್ಲ ಕಾಗದಗಳಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯಾ ನೋಡಿ. ಮೂರನೆಯದು, ಒಂದು ಹಾಳೆಯಲ್ಲಿ ನಿಮ್ಮ ಹೆಸರು, ನಿಮ್ಮ ಅಮ್ಮನ ಹೆಸರು, ಅವರ ಅಮ್ಮನ ಹೆಸರು, ಅವರ ಊರು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ.

ಆ ಅಜ್ಜಿ ಅಡ್ಡಗೆರೆ ಹಾಕಿದರು. ನೀವು ಸಹಿ ಹಾಕಲು ಕಲಿತಿದ್ದೀರಿ. ಅವರಿಗೆ ಇಲ್ಲದ ಅಂಕಣವನ್ನು ನಿಮ್ಮ ಮಕ್ಕಳಿಗಾಗಿ ನೀವೇ ಗೀಚಿಡಿ.