ಕಿಟಕಿಯ ಬಳಿ ಎತ್ತಿ ಹುಯ್ದ ಕಡಲು

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಟಾರ್ಕಿ ಎಂಬ ಕಡಲೂರು ಇದೆ. 1846ರಲ್ಲಿ ಅಲ್ಲಿಗೆ ಹೋಗಿದ್ದ ಅನ್ನಾ ಥಿನ್ ಎಂಬ ಮಹಿಳೆ ಬಂಡೆಗೆ ಅಂಟಿಕೊಂಡಿದ್ದ ಪುಟ್ಟ ಹವಳಜೀವಿಗಳನ್ನು ಕಂಡು ಮರುಳಾದರು. ಅವನ್ನು ಜೀವಂತವಾಗಿ ಲಂಡನ್ನಿನ ಮನೆಗೆ ಒಯ್ಯುವುದು ಹೇಗೆ? ದೊಡ್ಡ ಸ್ಪಂಜೊಂದನ್ನು ತೆಗೆದುಕೊಂಡು, ಸೂಜಿ ದಾರದಿಂದ ಹವಳಗಳನ್ನು ಅದಕ್ಕೆ ಹೊಲಿದೇಬಿಟ್ಟರು! ಸುತ್ತಲೂ ನೀರು ಆಡುತ್ತಿರಲಿ ಎಂದು.

ಲಂಡನ್ನಿಗೇನೋ ಬಂದಾಯಿತು. ಆದರೆ ಅಲ್ಲಿ ಕಡಲೆಲ್ಲಿದೆ? ತರಿಸಿಟ್ಟ ಸಮುದ್ರದ ನೀರು ಸ್ವಲ್ಪವೇ. ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಹವಳದಂಥ ಕಡಲಜೀವಿಗಳು ಉಸಿರಾಡುತ್ತವೆ. ಅಲೆಗಳು ಬಂಡೆಗೆ ಅಪ್ಪಳಿಸಿ ನೊರೆಯೆದ್ದಾಗ ಗಾಳಿ ನೀರಿಗೆ ಸೇರುತ್ತದೆ. ಬಟ್ಟಲಿನಲ್ಲಿ ನಿಂತ ನೀರಿಗೆ ಅಷ್ಟು ಸಿಗುವುದಿಲ್ಲ. ಅದಕ್ಕೇ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ನಮ್ಮ ಅಜ್ಜಿಯರು ಬಿಸಿ ಹಾಲು ಆರಿಸುವ ಹಾಗೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಎತ್ತಿ ಹುಯ್ಯಬೇಕಿತ್ತು. ದಿನವೂ ಅರ್ಧದಿಂದ ಮುಕ್ಕಾಲು ಗಂಟೆ! ಹವಳಕ್ಕೆ ಉಸಿರು, ಆಕೆಗೆ ಏದುಸಿರು. ಈಗ ಮನೆಯ ಗಾಜಿನ ತೊಟ್ಟಿಗಳಲ್ಲಿ ಆ ಕೆಲಸವನ್ನು ಪುಟ್ಟ ಪಂಪು ಮಾಡುತ್ತದೆ.

ಮರುವರ್ಷ ಅನ್ನಾ ಕಡಲಪಾಚಿಯನ್ನೂ ತರಿಸಿ ಬಟ್ಟಲಿಗೆ ಹಾಕಿದರು. ಬೆಳಕು ಬಿದ್ದರೆ ಪಾಚಿ ತಾನೇ ಆಮ್ಲಜನಕ ಬಿಡುತ್ತದೆ. ಹವಳಗಳು ಸುಮಾರು ಮೂರು ವರ್ಷ ಬದುಕಿದವು.

ಅಷ್ಟೆಲ್ಲ ಒದ್ದಾಟವೇಕೆ, ನಲ್ಲಿನೀರಿಗೆ ಅಡುಗೆಯ ಉಪ್ಪು ಹಾಕಿದರಾಗದೇ? ಆಗದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಹೆಚ್ಚಿನದು ನಮ್ಮ ಉಪ್ಪೇ ನಿಜ. ಆದರೆ ಹವಳ ತನ್ನ ಗಟ್ಟಿ ಗೂಡು ಕಟ್ಟುವುದು ಕ್ಯಾಲ್ಸಿಯಂನಿಂದ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೂಡ ಇರಬೇಕು. ಫಿಲಿಪ್ ಹೆನ್ರಿ ಗಾಸ್ ಎಂಬ ಜೀವಿಶಾಸ್ತ್ರಜ್ಞರು ಲವಣಗಳ ಪ್ರಮಾಣ ಲೆಕ್ಕ ಹಾಕಿ 1854ರಲ್ಲಿ ಕೃತಕ ಕಡಲ ನೀರು ತಯಾರಿಸಿದರು.

ಹಾಗಾದರೆ ಕಡಲಿನಿಂದಲೇ ಕ್ಯಾನು ತುಂಬಿ ತಂದರೆ? ಎಲ್ಲಿಂದ, ಯಾವಾಗ ತುಂಬಿದಿರಿ ಎಂಬುದು ಮುಖ್ಯ. ಮಳೆಗಾಲದಲ್ಲಿ ಹೊನ್ನಾವರದ ಅಳಿವೆಗೆ ಹೋದರೆ ಶರಾವತಿಯ ಸಿಹಿನೀರು ಬೆರೆತು ಉಪ್ಪು ತೆಳುವಾಗಿರುತ್ತದೆ. ಬಂದರಿನ ಹತ್ತಿರ ದೋಣಿಗಳ ಎಣ್ಣೆ ಇರಬಹುದು. ಇನ್ನು ತಿಳಿಯಾಗಿ ಕಾಣುವ ನೀರಿನಲ್ಲೂ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಜೀವಿಗಳು ತೇಲುತ್ತಿರುತ್ತವೆ. ಇವೇ ಪ್ಲವಕಗಳು. ಮುಚ್ಚಿದ ಕ್ಯಾನಿನ ಕತ್ತಲಲ್ಲಿ ಅವು ಸತ್ತು ಕೊಳೆಯುತ್ತವೆ. ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲು ಮರಳುಗಳ ಮೇಲೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ವಾರಗಳೇ ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು.

ಈಗ ನಿಮಗೊಂದು ಪ್ರಶ್ನೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಎರಡು ಬೆರಳು ಇಳಿದಿದೆ. ಉಪ್ಪುನೀರು ತುಂಬುತ್ತೀರೋ, ಸಿಹಿನೀರೋ? ಸಿಹಿನೀರೇ! ಆವಿಯಾಗುವುದು ನೀರು ಮಾತ್ರ, ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ.

ಕಡಲಜೀವಿಗಳನ್ನು ಸಾಕುವ ಬಗ್ಗೆ ಗಾಸ್ ಬರೆದ ಪುಸ್ತಕಗಳನ್ನು ಓದಿದ ಜನ ಬಕೆಟ್ಟು ಹಿಡಿದು ಕಡಲತೀರಕ್ಕೆ ನುಗ್ಗಿದರು. ಬಂಡೆಗುಳಿಗಳಲ್ಲಿದ್ದ ಹೂವಿನಂಥ ಜೀವಿಗಳೆಲ್ಲ ಮನೆಮನೆಯ ಗಾಜಿನ ತೊಟ್ಟಿ ಸೇರಿದವು, ಬಹಳಷ್ಟು ಬೇಗನೆ ಸತ್ತೂ ಹೋದವು. ತಾವು ಬಾಲ್ಯದಲ್ಲಿ ಕಂಡಿದ್ದ ಆ ಗುಳಿಗಳು ಹೀಗೆ ಬರಿದಾದವೆಂದು ಗಾಸ್ ಅವರ ಮಗ ಎಡ್ಮಂಡ್ 1907ರ ತಮ್ಮ ಪುಸ್ತಕದಲ್ಲಿ ನೊಂದು ಬರೆದರು. ನಮ್ಮ ದೇಶದಲ್ಲಿ ಹವಳ, ಕಡಲಸೌತೆ, ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಅಂದರೆ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಕಾಡಿನ ಹುಲಿಗೂ ಕಾಯ್ದೆ ಒಂದೇ.