ಈಡೂ ಜಾಡೂ

ಕಳೆದ ಸೋಮವಾರ ಬೆಳಗಿನ ಜಾವದಲ್ಲಿ, ಕಾಫಿ ತೋಟದ ಮೇಲಣ ಮಂಜು ಇನ್ನೂ ಕರಗದಿದ್ದ ಹೊತ್ತಿನಲ್ಲಿ, ನಮ್ಮ ಮನೆಯಾಚೆಯ ಗುಡ್ಡದಿಂದ ಒಂದರ ಬೆನ್ನಿಗೊಂದಾಗಿ ಎರಡು ಗುಂಡಿನ ಸದ್ದು ಕೇಳಿಬಂದಿತು. ಕೊಡಗಿನಲ್ಲಿ ಬಾಳಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿನ ಬೇಟೆಗಾರರಲ್ಲೆಲ್ಲ ಹಿರಿಯರಾಗಿದ್ದ, ನಾವೆಲ್ಲ ಅಜ್ಜನೆಂದೇ ಕರೆಯುತ್ತಿದ್ದವರು, ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಸಂದೇಹ ತಿರುಗುತ್ತಲೇ ಇದೆ. ನಾನು ಕೋವಿಯನ್ನು ಕೈಯಲ್ಲಿ ಹಿಡಿದವನಲ್ಲ. ಕೋಳಿಯನ್ನು ಕೊಯ್ಯುವಾಗಲೂ ಹಿತ್ತಲಿನಿಂದ ಎದ್ದು ಹೋಗುವ ಪುಕ್ಕಲು ಸ್ವಭಾವದವನು. ಹೀಗಿರುವಾಗ, ತಾರುಣ್ಯದಲ್ಲಿ ಅದೆಷ್ಟೋ ಕಡವೆ, ಕಾಡುಕುರಿಗಳನ್ನು ಕೆಡಹಿದವರೊಬ್ಬರ ಮರಣಕ್ಕಾಗಿ ನನ್ನ ಕಣ್ಣು ತುಂಬಿಬಂದುದು ಏಕೆ?

ನಾನು ಈ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದ ಕಾಲದಲ್ಲಿ ಬೇಟೆಗೆ ಇನ್ನೂ ತಡೆಯಿರಲಿಲ್ಲ. ಗದ್ದೆಯ ನಾಟಿ ಮುಗಿದು, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಕೈಲ್ ಮುಹೂರ್ತ ಬಂದಿತೆಂದರೆ, ಆಯುಧಗಳನ್ನು ಒರೆಸಿ ಎಣ್ಣೆ ಸವರಿ, ಉರಿಯ ನಾಲಗೆಯಂತೆ ಮೇಲಕ್ಕೆ ಬಾಗಿದ ಕೆಂಪು ಹಳದಿ ದಳಗಳ ತೋಕ್ ಪೂವನ್ನು ಕೋವಿಯ ಬಾಯಿಗೆ ಮುಡಿಸಿ ಪೂಜಿಸುವರು. ಅದಾದ ಮೇಲೆ ಕಾಡು. ಸಂಜೆಗೆ ಅಜ್ಜನ ಮನೆಯಂಗಳದಲ್ಲಿ ಬಾಳೆಯೆಲೆಗಳ ಮೇಲೆ ಪಾಲು ಹಾಕುವಾಗ, ಕಾಡನ್ನು ಸೋಹಿದ ಆಳುಗಳಿಗೂ ನಾಯಿಗಳಿಗೂ ಸಂದ ಮೇಲಲ್ಲದೆ ಅವರು ತಮ್ಮೆಲೆಗೆ ಕೈಯಿಡುತ್ತಿರಲಿಲ್ಲ.

ಒಂದು ಮಳೆಗಾಲದ ಕೊನೆಯಲ್ಲಿ, ಮಬ್ಬುಗತ್ತಲೆಯಲ್ಲಿ ಅವರು ಹೊಡೆದ ಈಡು ಕಡವೆಯೊಂದರ ಹಿಂಗಾಲಿಗೆ ತಗುಲಿ, ಅದು ಕುಂಟುತ್ತ ಹಳುವಿನೊಳಗೆ ಮರೆಯಾಯಿತಂತೆ. ಮಳೆ ಹಿಡಿದಿತ್ತು, ಜೊತೆಯವರು ಮನೆಗೆ ಮರಳಿದರು. ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಿದ್ದ ನನಗೆ ದಾರಿಯಲ್ಲಿ ಎದುರಾದ ಅವರ ಕೈಯಲ್ಲಿ ಆರಿದ ಲಾಟೀನು. ಮೊಣಕಾಲಿನವರೆಗೂ ಜಿಗಣೆ ಕಚ್ಚಿ ಇಳಿದ ರಕ್ತದ ಗೆರೆಗಳು. ಹಿಂದೆ ಬಾಲ ಮುದುರಿದ ನಾಯಿ. ರಾತ್ರಿಯಿಡೀ ಹುಡುಕಿ, ನಸುಕಿನಲ್ಲಿ ತೊರೆಯ ಬಳಿ ಬಿದ್ದಿದ್ದ ಅದರ ನರಳಾಟವನ್ನು ಮುಗಿಸಿ ಬಂದಿದ್ದರು. ಆ ಮಾಂಸವನ್ನು ಅವರು ಮುಟ್ಟಲಿಲ್ಲ. ಇಷ್ಟು ಕಷ್ಟವೇಕೆಂದು ಕೇಳಿದುದಕ್ಕೆ, "ಈಡು ನನ್ನದಾದ ಮೇಲೆ ಜಾಡೂ ನನ್ನದೇ ಅಲ್ಲವೇ ಮೇಷ್ಟ್ರೇ" ಎಂದು, ಮರದ ಬುಡಕ್ಕೆ ಕಾಲೂರಿ ಜಿಗಣೆ ಕೀಳತೊಡಗಿದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿ, ಪರವಾನಗಿಯ ಹೆಸರಿನಲ್ಲಿ ಉಳಿದಿದ್ದ ಕಿಂಡಿಯನ್ನೂ ಮುಚ್ಚಿತು. ಬಂದದ್ದು ಒಳ್ಳೆಯದೇ ಆಯಿತೆಂದು ನಾನು ನಂಬಿದವನು. ಅಜ್ಜ ವಾದಿಸಲಿಲ್ಲ. ಕೋವಿ ಗೋಡೆಗೇರಿತು, ವರುಷಕ್ಕೊಮ್ಮೆ ಮಾತ್ರ ಇಳಿದು, ತೆಂಗಿನಕಾಯಿಗೆ ಗುಂಡಿಡುವ ಪಂದ್ಯದಲ್ಲಿ, ಕಣ್ಣು ಮಂಜಾದ ಮೇಲೂ, ಹುಡುಗರ ನಗೆಯ ನಡುವೆ ಗುರಿ ತಪ್ಪಿ ಹಾರುತ್ತಿತ್ತು.

ಈಡು ಜಾಡಿನ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅವರು ಅದನ್ನಾಡಿದ ವರುಷವೋ ಅದರ ಮರು ವರುಷವೋ, ಲೇಖನಿ ಕದ್ದನೆಂಬ ಅನುಮಾನಕ್ಕೆ ಹುಡುಗನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ ಆಡಬಾರದ ಮಾತನಾಡಿದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ತೋಟದ ಲೈನ್‌ಮನೆಯಲ್ಲಿದ್ದ ಅವನ ಬಿಡಾರಕ್ಕೆ ಶಾಲೆಯಿಂದ ಒಂದು ಮೈಲಿಯೂ ದೂರವಿರಲಿಲ್ಲ. ನಾನು ಹೋಗಲಿಲ್ಲ, ಹಾಜರಿ ಪುಸ್ತಕದಲ್ಲಿ ತಿಂಗಳಿಡೀ ಗೈರೆಂದು ಗುರುತು ಹಾಕಿ, ಕೊನೆಗೊಂದು ದಿನ ಕೆಂಪು ಶಾಯಿಯಲ್ಲಿ ಅವನ ಹೆಸರನ್ನು ಹೊಡೆದುಹಾಕಿದೆ. ಜೀವಹಿಂಸೆಯನ್ನು ಕಂಡು ಹೇಸುತ್ತಿದ್ದ ನಾನು, ಒಂದು ಮಿಗದ ಸಲುವಾಗಿ ಇರುಳೆಲ್ಲ ಮಳೆಯಲ್ಲಿ ನೆನೆದವರಿಗಿಂತ ಮೃದು ಹೃದಯದವನೆಂದು ಎಷ್ಟೋ ವರುಷ ಎಣಿಸಿಕೊಂಡಿದ್ದೆ.

ಅಜ್ಜ ಪ್ರತಿ ವರುಷ ದೇವರಕಾಡಿನ ಅಯ್ಯಪ್ಪನಿಗೆ ಮಣ್ಣಿನ ನಾಯಿಯೊಂದನ್ನು ಒಪ್ಪಿಸಿ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮರದಡಿಯಲ್ಲಿ ಹಳೆಯ ನಾಯಿಗಳು ಪಾಚಿಗಟ್ಟಿ, ಕಿವಿಯೊಡೆದು, ಕಾಲು ಮುರಿದು ತರಗೆಲೆಯಲ್ಲಿ ಅರ್ಧ ಹೂತುಹೋಗಿದ್ದುವು. ಹೊಸದನ್ನು ಕಾಡಿಗೆ ಮುಖಮಾಡಿ ನಿಲ್ಲಿಸಿ, ಅದು ಓಲಾಡದಂತೆ ಅಡಿಗೊಂದು ಚಪ್ಪಟೆ ಕಲ್ಲನ್ನು ಒತ್ತರಿಸಿದರು.

ಮೊನ್ನೆ, ಬೆಂಗಳೂರಿನಿಂದ ಬಂದಿದ್ದ ಅವರ ಮೊಮ್ಮಗ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಅಜ್ಜ ನಾಯಿ ಮಾಡಿಸುತ್ತಿದ್ದ ಕುಂಬಾರರ ಮನೆ ಎಲ್ಲಿ?" ಎಂದು ಕೇಳಿದ. ದಾರಿ ನನಗೆ ಗೊತ್ತೆಂದೆ. ಭಾನುವಾರ ಹೊರಡುವುದೆಂದು ಮಾತಾಗಿದೆ. ಆ ಹಳೆಯ ಲೈನ್‌ಮನೆಗಳೂ ಅದೇ ದಾರಿಯಲ್ಲಿವೆ. ಈಗ ಅಲ್ಲಿ ಯಾರಿದ್ದಾರೋ, ವಿಚಾರಿಸಬೇಕು.